ಲ್ಯಾಂಕಾಶೈರಿನಲ್ಲೊಂದು ಬಾಣಂತನ

ಈ ಪ್ರಯಾಣಕ್ಕೆ ನನಗೆ ಎರಡು ಜೊತೆ ಒಳ್ಳೆಯ ಎತ್ತುಗಳಷ್ಟು ಖರ್ಚಾಯಿತು. ರೂಪಾಯಿಯಲ್ಲಿ ಹೇಳಿದರೆ ಆದೋನಿ ಪೇಟೆಯಲ್ಲಿ ಅರ್ಧ ಜನಕ್ಕೆ ಹೊಟ್ಟೆ ಉರಿಯುತ್ತದೆ, ಉಳಿದರ್ಧ ಕೈಗಡ ಕೇಳಲು ಬರುತ್ತದೆ. ಅದಕ್ಕೇ ಎತ್ತಿನಲ್ಲಿ ಹೇಳಿದೆ. ಹೋದ ಕಾರಣವೂ ಗುಟ್ಟಿನದಲ್ಲ. ಹತ್ತಿಯಿಂದ ಬೀಜ ಬೇರ್ಪಡಿಸುವ ನನ್ನ ಜಿನ್ನಿನ ಎಂಜಿನ್ ಮುದಿಯಾಗಿತ್ತು. ವಿಲಾಯಿತಿಯ ಲ್ಯಾಂಕಾಶೈರ್ ಸೀಮೆಯಲ್ಲಿ ಬಟ್ಟೆ ಗಿರಣಿಗಳು ಒಂದೊಂದೇ ಬಾಗಿಲು ಹಾಕುತ್ತಿವೆ, ಒಳ್ಳೊಳ್ಳೆಯ ಎಂಜಿನ್ನುಗಳು ಗುಜರಿ ದರಕ್ಕೆ ಸಿಗುತ್ತವೆ ಎಂದು ಬೊಂಬಾಯಿಯ ದಲ್ಲಾಳಿಯೊಬ್ಬ ಕಿವಿಯಲ್ಲಿ ಊದಿದ. ಆಂಧ್ರ ರಾಜ್ಯವಾದ ಮರುವರ್ಷದ ಚಳಿಗಾಲದಲ್ಲಿ ಹಡಗು ಹತ್ತಿದೆ. ಎಂಜಿನ್ ಸಿಕ್ಕಿತು, ಈಗ ಓಡುತ್ತಿದೆ, ಅದರ ಮಾತು ಇಷ್ಟು ಸಾಕು.

ನಾನು ಬರೆಯಲು ಕೂತದ್ದು ಬೇರೆ ವಿಷಯಕ್ಕೆ. ಆ ದೇಶದಲ್ಲಿ ಮನೆಯನ್ನು ಬೆಚ್ಚಗಿಡುವುದೇ ಒಂದು ಸಂಸಾರ. ಕಲ್ಲಿದ್ದಲ ದರ ಏರುತ್ತಿತ್ತು. ಒಬ್ಬ ಹೆಣ್ಣುಮಗಳ ಚೊಚ್ಚಲ ಹೆರಿಗೆ ತವರಿನಲ್ಲಾಗುತ್ತದೋ ಅತ್ತೆಮನೆಯಲ್ಲಾಗುತ್ತದೋ ಎಂಬುದು ಆ ದರದ ಮೇಲೆ ನಿಂತಿತ್ತು. ಅದರಲ್ಲಿ ನಾನು ಕೈಹಾಕಿದೆ. ಯಾರೂ ಕರೆದಿರಲಿಲ್ಲ. ಕರೆಯುವವರೆಗೆ ಕಾದಿದ್ದರೆ ನಾನು ಇವತ್ತಿಗೂ ನಮ್ಮ ಹಳ್ಳಿ ಪೆದ್ದಹರಿವಾಣಂನಲ್ಲಿ ಹತ್ತಿ ಬಿಡಿಸುತ್ತಿದ್ದೆ.

ಆದೋನಿ: ಗಂಟು ಕಟ್ಟಿದ್ದು

ನಮ್ಮ ಕಡೆ ಬಿಸಿಯನ್ನು ದುಡ್ಡು ಕೊಟ್ಟು ಕೊಂಡವರಿಲ್ಲ. ಬೇಕಾದ್ದಕ್ಕಿಂತ ಹೆಚ್ಚೇ ಬೀಳುತ್ತದೆ. ಯಾರಾದರೂ ಒಯ್ಯುವುದಾದರೆ ಮೇಲೆ ನಾವೇ ಬಾಡಿಗೆ ಕೊಟ್ಟು ಕಳಿಸುತ್ತೇವೆ. ಚಳಿಗೆ ಹೆದರುವ ಜೀವ ನಮ್ಮಲ್ಲಿ ಒಂದೇ, ಬಾಣಂತಿ. ಆಕೆಗೆ ಒಂದು ಚಿಕ್ಕ ಕೋಣೆ, ತಲೆಗೆ ಬಿಗಿದು ಕಟ್ಟಿದ ಬಟ್ಟೆ, ಕಿವಿಗೆ ಹತ್ತಿ, ಸಂದುಗೊಂದಿಗೆಲ್ಲ ಚಿಂದಿ, ಹೊದೆಯಲು ಕೌದಿ, ಕುಡಿಯಲು ಶುಂಠಿ ಕಷಾಯ. ಹೀಗಾಗಿ ನಾನು ಥಂಡಿ ದೇಶಕ್ಕೆ ಹೋಗುತ್ತೇನೆಂದಾಗ ನನ್ನ ಹೆಂಡತಿ ಗಂಗಮ್ಮ ತನಗೆ ಗೊತ್ತಿದ್ದ ಏಕೈಕ ಗಂಟನ್ನು ಕಟ್ಟಿದಳು. ಬಿಚ್ಚಿ ನೋಡಿದರೆ ಪೂರಾ ಬಾಣಂತಿಯ ಸಾಮಾನು.

"ಏನಲೇ ಇದು? ನಾನೇನು ಹಡಿಯಾಕ ಹೊಂಟೀನೇನು?" ಎಂದೆ.

"ಹಡದ್ರ ಹಡೀರಿ, ಬಿಟ್ರ ಬಿಡ್ರಿ. ಥಂಡಿ ಅಂದ್ರ ಥಂಡೀನ. ಕಿವ್ಯಾಗ ಗಾಳಿ ಹೊಕ್ಕಿತಂದ್ರ ಆ ಎಂಜಿನ್ ತಗಂಡು ಏನ್ ಮಾಡ್ತೀರಿ? ಸುಮ್ನ ಒಯ್ರಿ" ಎಂದಳು.

ಎಂಜಿನ್ ಪರೀಕ್ಷೆಗೆಂದು ಮೇಸ್ತ್ರಿ ಖಾಸಿಂನನ್ನು ಜೊತೆಗೆ ಕರೆದುಕೊಂಡಿದ್ದೆ. ಹತ್ತಿ ಹಿಂಜುವ ಮನೆತನದವನು, ಮಾತಿನಲ್ಲಿ ಕನ್ನಡ, ತೆಲುಗು, ತುರುಕಮಾತು ಮೂರನ್ನೂ ಒಂದೇ ಬಿಲ್ಲಿನಲ್ಲಿ ಹಿಂಜುವವನು. ಬೊಂಬಾಯಿಯಿಂದ ಏಡನ್‌ವರೆಗೆ ನನ್ನ ಗಂಟು ನೋಡಿ ನೋಡಿ ನಕ್ಕ. ಸೂಯೆಜ್ ದಾಟಿ ಒಂದು ಗಾಳಿ ಬೀಸಿದ್ದೇ ತಡ, ನಗು ನಿಂತಿತು. "ಸೌಕಾರ್ರೇ, ಅಕ್ಕ ಎರಡು ತಲಿಬಟ್ಟಿ ಕಟ್ಟ್ಯಾಳಲ್ಲ, ಒಂದು ನಂದಾ ಇರಬೇಕು, ಕೊಂಚೆಂ ನೋಡ್ರಿ" ಎಂದ. ಒಂದು ದಿನ ಸತಾಯಿಸಿ ಕೊಟ್ಟೆ.

ಮಿಸೆಸ್ ಹೋಲ್ಟ್ ಮನೆ

ದಲ್ಲಾಳಿ ಹೇಳಿದ ಊರಿನಲ್ಲಿ ಮಿಸೆಸ್ ಹೋಲ್ಟ್ ಎಂಬ ವಿಧವೆ ಊಟ ಸಹಿತ ಕೋಣೆ ಕೊಡುತ್ತಿದ್ದಳು. ನಮ್ಮ ಪೇಟೆಗೆ ಹತ್ತಿ ಕೊಳ್ಳಲು ಬರುತ್ತಿದ್ದ ದೊರೆಗಳ ಜೊತೆ ಚೌಕಾಸಿ ಮಾಡಿ ಮಾಡಿ ನನಗೆ ಇಂಗ್ಲಿಷು ಕೆಲಸಕ್ಕಾಗುವಷ್ಟು ಬರುತ್ತದೆ. ಆಕೆ ಆಡಿದ್ದು ಇಂಗ್ಲಿಷೇ. ಆದರೆ ಆ ಧಾಟಿ, ಸೊಂಟದ ಮೇಲಿನ ಆ ಕೈ, ನಮ್ಮ ಮದ್ದಿಕೇರದ ಸೋದರತ್ತೆಯದೇ ಆಗಿದ್ದರಿಂದ ಆಕೆಯ ಮಾತನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ. ಅಲ್ಲಿಯ ಉಳಿದವರದೂ, ಖಾಸಿಂ ಹಡಗಿನಲ್ಲಿ ಕಲಿತ ಅರೆಬರೆ ಇಂಗ್ಲಿಷೂ ಹಾಗೆಯೇ.

ಮೊದಲ ಬೆಳಿಗ್ಗೆ ನಾವಿಬ್ಬರೂ ಬಾಣಂತಿಯರಂತೆ ತಲೆ, ಗದ್ದ ಬಿಗಿದುಕೊಂಡು ಮೆಟ್ಟಿಲಿಳಿದೆವು. ಆಕೆ ಬಾಗಿಲಲ್ಲೇ ನಿಂತಳು.

"ಇಬ್ರಿಗೂ ಒಮ್ಮೇನಾ ಮಂಗನಬಾವು ಆಗೈತೇನು? ಅಲ್ಲೇ ನಿಂದ್ರಿ, ನನ್ನ ಕಪ್ಪು ಬಸಿ ಮುಟ್ಟಬ್ಯಾಡ್ರಿ!"

ಬಾವು ಅಲ್ಲ, ಚಳಿ ಎಂದು ತಿಳಿಸುವಷ್ಟರಲ್ಲಿ ಚಹಾ ಆರಿಹೋಯಿತು. ಆ ಮನೆಯಲ್ಲಿ ಯಾವುದು ಬಿಸಿಯಾಗಿ ಉಳಿಯುತ್ತಿತ್ತು, ಹೇಳಿ? ನಮ್ಮ ಕೋಣೆಯಲ್ಲಿ ಗ್ಯಾಸಿನ ಒಲೆ ಇತ್ತು, ಪಕ್ಕದಲ್ಲಿ ನಾಣ್ಯ ನುಂಗುವ ಪೆಟ್ಟಿಗೆ. ನಾಣ್ಯ ಹಾಕಿದರೆ ಉರಿ. ತೀರಿತೋ, ನೀವು ಪಾಯಿಜಾಮದೊಳಗೆ ಒಂದೇ ಕಾಲು ಹಾಕಿದ್ದರೂ ಉರಿ ಬಂದ್. "ಇದು ಬೆಂಕಿ ಅಲ್ಲರಿ, ಬಾಡಿಗಿ ಜಟಕಾ" ಎಂದ ಖಾಸಿಂ. "ದುಡ್ಡು ಮುಗೀತು, ನಡುದಾರ್ಯಾಗ ಇಳೀರಿ ಅಂತೈತಿ."

ಕೆಳಗಿನ ಕೋಣೆಯಲ್ಲಿ ಕಲ್ಲಿದ್ದಲ ಬೆಂಕಿ. ಮದುವೆಯ ಕೊನೆಯ ಪಂಕ್ತಿಗೆ ಲಾಡು ಕಡಿಮೆ ಬಿದ್ದಾಗ ಬಡಿಸುವವನು ಹೇಗೆ ಯೋಚಿಸಿ ಯೋಚಿಸಿ ಎಲೆಗೊಂದು ಇಡುತ್ತಾನೋ, ಹಾಗೆ ಮಿಸೆಸ್ ಹೋಲ್ಟ್ ಇಕ್ಕಳದಲ್ಲಿ ಒಂದೊಂದೇ ಹೆಂಟೆ ಇಡುತ್ತಿದ್ದಳು. ಅದರ ಮುಂದೆ ಕೂತರೆ ಮುಂಭಾಗ ಹುರಿದ ಶೇಂಗಾ, ಬೆನ್ನು ಹಸಿ ಶೇಂಗಾ. ತಿರುಗಿ ಕೂತರೆ ಅದಲುಬದಲು. ಬಿಸಿಯ ಮುಕ್ಕಾಲು ಪಾಲು ಚಿಮಣಿಯಿಂದ ಆಕಾಶಕ್ಕೆ. ಇಡೀ ಬೀದಿಯೇ ಹಾಗೆ ಆಕಾಶವನ್ನು ಕಾಯಿಸುತ್ತಿತ್ತು. ಆಕಾಶ ಮಾತ್ರ ಒಂದು ದಿನವೂ ಬೆಚ್ಚಗಾಗಲಿಲ್ಲ.

ಅವತ್ತೇ ಆಕೆ ಈ ಬಿಗಿಕೈಯ ಕಾರಣ ಹೇಳಿದಳು. ಮಗಳು ಡೋರಾ ತುಂಬಿದ ಬಸುರಿ, ಮೊದಲನೆಯದು. ಅಲ್ಲಿ ಹೆರಿಗೆ ಮನೆಯಲ್ಲೇ, ನರ್ಸು ಬಂದು ಮಾಡಿಸುತ್ತಾಳೆ. ಆದರೆ ಮುಂಚೆ ಬಂದು ಕೋಣೆ ಬೆಚ್ಚಗಿದೆಯೇ ಎಂದು ನೋಡುತ್ತಾಳೆ. ಇಲ್ಲದಿದ್ದರೆ ಬೇರೆ ಮನೆ. ಬೇರೆ ಮನೆ ಎಂದರೆ ಯಾವುದು? ಊರಾಚೆಯ ಅತ್ತೆಯ ಮನೆ.

"ಆ ಬೀಗಿತ್ತಿ ಗಂಡ ಗಣಿಯಾಗ ಕೆಲಸಕ್ಕದಾನ. ಕಲ್ಲಿದ್ದಲು ಗಣಿಯವರಾ ತಂದು ಹಾಕ್ತಾರ, ಪುಕ್ಕಟೆ! ಮನಿ ಅನ್ನಾದು ಕುಲುಮಿ ಆಗೈತಿ. 'ನಿಮ್ಮದು ಥಂಡಿ ಮನಿ, ಕೂಸು ಸೆಡತು ಹೋದೀತು, ನಮ್ಮಲ್ಲೇ ಆಗ್ಲಿ' ಅಂತ ಮಂದಿ ಮುಂದ ಹೇಳ್ಯಾಳ. ಮಂದಿ ಮುಂದ, ಮಿಸ್ಟರ್ ಹರಿವಾಣ!"

ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು ಮೊದಲಿದ್ದುದರಿಂದ ನಾನು ಆಕೆಗೆ ಮಿಸ್ಟರ್ ಹರಿವಾಣ. ಅದಿರಲಿ. ಏಳು ಸಮುದ್ರ ದಾಟಿ ಬಂದರೂ ಬೀಗಿತ್ತಿ ಬೀಗಿತ್ತಿಯೇ! ನನಗೆ ಮೈ ಜುಮ್ಮೆಂದಿತು, ಚಳಿಗಲ್ಲ. ಚೊಚ್ಚಲು ತವರಿನಲ್ಲಾಗಬೇಕೆಂಬ ಹಟಕ್ಕೆ ಈಕೆ ಬೇಸಿಗೆಯಿಂದ ಕಂಟ್ರೋಲ್ ರೇಷನ್ನಿನ ಕಲ್ಲಿದ್ದಲಲ್ಲೇ ಉಳಿಸಿ, ಮಹಡಿಯ ಮುಂದಿನ ದೊಡ್ಡ ಕೋಣೆಯ ಮಂಚದಡಿ ಎರಡು ಮೂಟೆ ಕೂಡಿಟ್ಟಿದ್ದಳು. ನರ್ಸು ಬರುವುದು ಗುರುವಾರ. ಅವತ್ತು ಸೋಮವಾರ.

"ಅಮ್ಮಾ, ನೀವು ಚಿಂತಿ ಬಿಡ್ರಿ" ಎಂದ ಖಾಸಿಂ, ನನ್ನನ್ನು ಕೇಳದೆಯೇ. "ನಮ್ಮ ಸೌಕಾರ್ರು ಬೇರಂ ಮಾಡಿದ್ರ ಸೂರ್ಯನಾ ಕಡಿಮಿ ರೇಟಿಗೆ ಬರ್ತಾನ."

ಕಲ್ಲಿದ್ದಲ ಗಾಡಿ

ಮಂಗಳವಾರ ಗಾಡಿ ಬಂತು. ಕುದುರೆ ಕಪ್ಪು, ಮೂಟೆ ಕಪ್ಪು, ಮನುಷ್ಯ ಅದಕ್ಕಿಂತ ಕಪ್ಪು; ನನಗೆ ಊರು ಬಿಟ್ಟ ಮೇಲೆ ಮೊದಲ ಸಲ ನಮ್ಮವರನ್ನು ಕಂಡಂತಾಯಿತು. ಈ ವಾರದಿಂದ ದರ ಮತ್ತೆ ಮೇಲೆ ಎಂದು ಆತ ಕೂಗಿದ. ಹೆಂಗಸರು ಬಾಗಿಲಲ್ಲಿ ಕೈಕಟ್ಟಿ ನಿಂತು ಸರಕಾರವನ್ನು ಬೈದರು, ಬೈದು ಕೇಳಿದಷ್ಟು ಕೊಟ್ಟರು. ಒಬ್ಬಳೂ ಚೌಕಾಸಿ ಮಾಡಲಿಲ್ಲ. ನಾನು ಹೆಗಲ ಮೇಲಿನ ಟವೆಲು ಕೈಗೆ ತೆಗೆದುಕೊಂಡೆ.

ಆದೋನಿಯ ಹತ್ತಿ ಪೇಟೆಯಲ್ಲಿ ನಾವು ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೈಮೇಲೆ ಟವೆಲು ಹಾಕಿ, ಅದರಡಿ ಬೆರಳು ಹಿಡಿದು ಒತ್ತುತ್ತೇವೆ. ಸುತ್ತಲಿದ್ದವರಿಗೆ ತಿಳಿಯಬಾರದಲ್ಲ! ದೊಡ್ಡ ದೊಡ್ಡ ವ್ಯಾಪಾರ ಹೀಗೆ ತುಟಿ ಬಿಚ್ಚದೆ ಮುಗಿಯುತ್ತದೆ. ನಾನು ಮರ್ಯಾದೆಯಿಂದ ಹತ್ತಿರ ಹೋಗಿ, ಗುಟ್ಟಾಗಿ ಕಣ್ಣು ಮಿಟುಕಿಸಿ, ಆತನ ಕೈಮೇಲೆ ನನ್ನ ಟವೆಲು ಹರಡಿ, ಅಡಿಯಲ್ಲಿ ನಡುಬೆರಳನ್ನು ಮೃದುವಾಗಿ ಒತ್ತಿದೆ.

ಆತ ಒಂದು ಗಳಿಗೆ ಟವೆಲು ನೋಡಿದ, ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ಬೀದಿಗೆಲ್ಲ ಕೇಳುವಂತೆ, "ದೊರೀ, ನನಗ ಹೆಂಡ್ತಿ ಅದಾಳ!" ಎಂದ.

ಬೀದಿಗೆ ಬೀದಿಯೇ ನಕ್ಕಿತು. ಕುದುರೆ ಕೂಡ ಹಲ್ಲು ಕಿಸಿಯಿತು ಎಂದು ಖಾಸಿಂ ಆಣೆ ಮಾಡಿ ಹೇಳುತ್ತಾನೆ. ಆದರೆ ವ್ಯಾಪಾರಿ ನಾಚಿದರೆ ಅಂಗಡಿ ಮುಚ್ಚಬೇಕು. ಗಾಡಿಯ ತಳದಲ್ಲಿ ಪುಡಿ ಕಂಡಿತು. ಅದನ್ನು ಯಾರು ಒಯ್ಯುತ್ತಾರೆ ಎಂದೆ. ಯಾರೂ ಇಲ್ಲ ಎಂದ. ಹಾಗಾದರೆ ನಿನ್ನ ಗಾಡಿ ಗುಡಿಸಿಕೊಡುತ್ತೇವೆ, ಗುಡಿಸಿದ್ದು ನಮಗೆ ಎಂದೆ. ಅಷ್ಟು ನಗಿಸಿದ್ದಕ್ಕೋ ಏನೋ, ಒಪ್ಪಿದ. ಎರಡು ಬಕೀಟು ಪುಡಿ ಪುಕ್ಕಟೆ!

ಹಿತ್ತಲ ಗೋಡೆ

ಪುಡಿಯನ್ನು ಏನು ಮಾಡಬೇಕೆಂದು ನಮ್ಮ ಕಡೆ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ. ಮಣ್ಣು ಕಲಸು, ತಟ್ಟು, ಗೋಡೆಗೆ ಹೊಡಿ, ಒಣಗಿಸು. ಮಿಸೆಸ್ ಹೋಲ್ಟ್ ಪೇಟೆಗೆ ಹೋಗಿದ್ದಳು. ಹಿಂದಿನ ಅಂಗಳದಲ್ಲಿ ನರ್ಸಿನ ಕಣ್ಣಿಗೆ ಚೆನ್ನಾಗಿರಲೆಂದು ಆಕೆಯೇ ಸುಣ್ಣ ಹೊಡೆದ ಬೆಳ್ಳನೆಯ ಗೋಡೆ. ಇಷ್ಟು ಒಳ್ಳೆಯ ಗೋಡೆಗೆ ಈ ದೇಶದಲ್ಲಿ ಇನ್ನೇನು ಕೆಲಸ? ಖಾಸಿಂ ತೋಳು ಏರಿಸಿ ಸಗಣಿಯ ಕುಳ್ಳು ತಟ್ಟಿದಂತೆ ತಟ್ಟಿದ, ಪಟ್ ಪಟ್ ಎಂದು ಸಾಲುಸಾಲಾಗಿ, ಐದೂ ಬೆರಳಿನ ಗುರುತಿನೊಂದಿಗೆ. ನೋಡಲು ನಮ್ಮೂರೇ ಬಂದು ನಿಂತಂತಿತ್ತು. ನಾನು ದೂರ ನಿಂತು ಸಾಲು ಸೊಟ್ಟಗಾದ ಕಡೆ ತಿದ್ದಿಸಿದೆ.

ಮರೆತದ್ದು ಒಂದೇ. ಒಣಗಿಸಲು ಬಿಸಿಲು ಬೇಕು.

ಮಧ್ಯಾಹ್ನ ಜಿಟಿಜಿಟಿ ಹಿಡಿಯಿತು. ಕುಳ್ಳುಗಳು ಒಂದೊಂದೇ ಮೂಗು ಸೋರಿದಂತೆ ಇಳಿದವು. ಕಪ್ಪು ನೀರು ಗೋಡೆಯಿಂದ ಅಂಗಳಕ್ಕೆ, ಅಂಗಳದಿಂದ ಪಕ್ಕದ ಮನೆಗೆ. ಆಗ ಸರಿಯಾಗಿ ಮಿಸೆಸ್ ಹೋಲ್ಟ್ ಬಂದಳು.

"ಏನಿದು?" ಎಂದಳು.

"ಉರುವಲು ಅಮ್ಮಾ" ಎಂದ ಖಾಸಿಂ, ಕಪ್ಪು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು.

"ನನ್ನ ಗೋಡಿ ಮ್ಯಾಲ?"

"ಬ್ಯಾರೆಯವರ ಗೋಡಿ ಮ್ಯಾಲ ಹ್ಯಾಂಗ ತಟ್ಟಾದು ಅಮ್ಮಾ? ತಪ್ಪಲ್ಲೇನು?"

ಆಕೆ ಬಯ್ಯಲಿಲ್ಲ. ಅಡುಗೆಮನೆಗೆ ಹೋಗಿ ಟೋಪಿ ತೆಗೆಯದೆ ಕುರ್ಚಿಯಲ್ಲಿ ಕೂತು ಅತ್ತಳು. "ಗುರುವಾರ ನರ್ಸ್ ಬಂದು ಇದನ್ನ ನೋಡ್ತಾಳ. ಡೋರಾ ಬೀಗಿತ್ತಿ ಮನೀಗೆ ಹೋಗ್ತಾಳ. ಮುಗೀತು" ಎಂದಳು. ಖಾಸಿಂ ಹೋಗಿ, ಮಳೆಯಲ್ಲೇ ಗೋಡೆ ಉಜ್ಜತೊಡಗಿದ. ನಾನು ಅವಳೆದುರು ನಿಂತೆ. ನನ್ನ ಕೈ ಬಿಸಿಯಾಗಿತ್ತು. ಯಾಕೆ ಎಂದು ನೋಡಿದರೆ ಅಡುಗೆಯ ದೊಡ್ಡ ಕಬ್ಬಿಣದ ಒಲೆಯ ಪಕ್ಕದ ಗೋಡೆಗೆ ಕೈ ಊರಿದ್ದೆ.

ಹಿಂದಿನ ಕೋಣೆ

"ಅಮ್ಮಾ, ಈ ಗೋಡಿ ಮ್ಯಾಲಕ್ಕ ಎಲ್ಲಿಗೆ ಹೋಗತೈತಿ?" ಎಂದು ಕೇಳಿದೆ.

ಮೇಲೆ ಒಂದು ಗೂಡಿನಂಥ ಕೋಣೆ, ಹಳೆಯ ಪೆಟ್ಟಿಗೆ ಇಡುವುದಕ್ಕೆ. ಹೋಗಿ ನೋಡಿದರೆ ಒಲೆಯ ಚಿಮಣಿ ಆ ಕೋಣೆಯ ಗೋಡೆಯೊಳಗಿಂದಲೇ ಏರುತ್ತಿತ್ತು. ಗೋಡೆ ಮುಟ್ಟಿದರೆ ಜ್ವರದ ಹಣೆ. ಅಡುಗೆಗೆ ಹೇಗೂ ಒಲೆ ಉರಿಯಲೇಬೇಕು. ಆ ಬಿಸಿಯೆಲ್ಲ ಹರಕು ಪೆಟ್ಟಿಗೆಗಳಿಗೆ ಬಾಣಂತನ ಮಾಡುತ್ತಿತ್ತು!

ನನ್ನ ತಾಯಿ ಹೆತ್ತದ್ದೆಲ್ಲ ಅಡುಗೆಮನೆಗೆ ಅಂಟಿದ ಕತ್ತಲೆ ಕೋಣೆಯಲ್ಲಿ. ನಡುಮನೆ ದೊಡ್ಡದಿದೆಯೆಂದು ಅಲ್ಲಿ ಯಾರೂ ಬಾಣಂತಿಯನ್ನು ಮಲಗಿಸುವುದಿಲ್ಲ. ಇದನ್ನು ಹೇಳಿದರೆ ಮಿಸೆಸ್ ಹೋಲ್ಟ್ ಮೂಗು ಮುರಿದಳು. "ನಮ್ಮವ್ವ ನನ್ನನ್ನ ಮುಂದಿನ ಕೋಣ್ಯಾಗ ಹಡದಾಳ, ನಾನು ಡೋರಾನ ಅಲ್ಲೇ ಹಡದೀನಿ. ಪೆಟ್ಟಿಗಿ ಕೋಣ್ಯಾಗ ಹಡದ್ರ ಬೀಗಿತ್ತಿ ಏನಂತಾಳ?"

"ಮುಂದಿನ ಕೋಣ್ಯಾಗ ಎರಡು ಮೂಟಿ ಎಷ್ಟು ದಿನ ಉರದೀತು? ಬಾಣಂತನ ಎಷ್ಟು ದಿನ?" ಎಂದೆ. ಆಕೆ ಸುಮ್ಮನಾದಳು. ಚೌಕಾಸಿಯಲ್ಲಿ ಎದುರಾಳಿ ಸುಮ್ಮನಾದ ಕೂಡಲೇ ಸಾಮಾನು ಎತ್ತಿ ಬಂಡಿಗೆ ಹಾಕಬೇಕು. ನಾನೂ ಖಾಸಿಂನೂ ಮಂಚ ಬಿಚ್ಚತೊಡಗಿದೆವು.

ಬುಧವಾರ ಪೂರ್ತಿ ಕೆಲಸ. ಬಾಗಿಲ ಸಂದಿಗೆ ಚಿಂದಿ, ನೆಲದ ಹಲಗೆಯ ಬಿರುಕಿಗೆ ನಮ್ಮ ಎಂಜಿನ್ ಇದ್ದ ಗಿರಣಿಯಿಂದ ತಂದ ಹತ್ತಿ ಕಸ. ಖಾಸಿಂ ಅದನ್ನು ಬೆರಳಲ್ಲೇ ಹಿಂಜಿ ಎಷ್ಟು ಅಂದವಾಗಿ ತುರುಕಿದನೆಂದರೆ ಅವನ ಅಜ್ಜ ನೋಡಬೇಕಿತ್ತು. ಬಾಗಿಲಿಗೆ ಪರದೆಯಾಗಿ ಗಂಗಮ್ಮನ ಕೌದಿ. ಮಂಚದಡಿ ಕೆಂಡದ ಬಾಣಲೆ ಇಡೋಣ ಎಂದೆ. ಮಿಸೆಸ್ ಹೋಲ್ಟ್ ಹೌಹಾರಿದಳು. ಮುಚ್ಚಿದ ಕೋಣೆಯಲ್ಲಿ ಕೆಂಡದ ಗಾಳಿ ಕುಡಿದು ಮಲಗಿದವರು ಏಳುವುದಿಲ್ಲ, ಅವರ ಬೀದಿಯಲ್ಲೇ ಒಬ್ಬರು ಏಳಲಿಲ್ಲವಂತೆ. ಸರಿ, ಅದು ಆಕೆಗೆ ಗೊತ್ತಿತ್ತು, ನನಗಿರಲಿಲ್ಲ. ನಮ್ಮ ಮನೆಗಳ ಹೆಂಚಿನ ಸಂದಿ ನಮ್ಮನ್ನು ಕಾಪಾಡುತ್ತಿತ್ತೆಂದು ಆಗ ಹೊಳೆಯಿತು. ಕೆಂಡದ ಬದಲು ಆಕೆ ಒಲೆಯಲ್ಲಿ ಇಟ್ಟಿಗೆ ಕಾಯಿಸಿ, ಬಟ್ಟೆ ಸುತ್ತಿ ಹಾಸಿಗೆಯಲ್ಲಿಟ್ಟಳು. ನಾವು ಊರಿಗೆ ಹೋಗಿ ಇದನ್ನು ಹೇಳಬೇಕು ಎಂದ ಖಾಸಿಂ. ಮೇ ತಿಂಗಳಲ್ಲಿ ಹೇಳಬೇಡ ಎಂದೆ.

ನರ್ಸಮ್ಮ

ಗುರುವಾರ ನರ್ಸು ಸೈಕಲ್ಲಿನ ಮೇಲೆ ಬಂದಳು. ನಮ್ಮ ಕಡೆ ರೆವಿನ್ಯೂ ಇನ್ಸ್‌ಪೆಕ್ಟರರು ಜಮೀನಿಗೆ ಇಳಿದಂತೆ ಇಳಿದಳು. ಡೋರಾಳೂ ಬಂದಿದ್ದಳು, ಹೊಟ್ಟೆಯ ಮೇಲೆ ಕೈಯಿಟ್ಟು ಗೋಡೆಗೊರಗಿ, ತಾಯಿಯ ಮುಖವನ್ನೇ ನೋಡುತ್ತಿದ್ದಳು. ನರ್ಸು ಗೋಡೆ ಮುಟ್ಟಿದಳು, ಹುಬ್ಬೇರಿಸಿದಳು. ಉಷ್ಣ ಅಳೆಯುವ ಗಾಜಿನ ಕಡ್ಡಿ ತೂಗುಹಾಕಿದಳು, ತಲೆಯಾಡಿಸಿದಳು. ಕೌದಿ ಹೊರಳಿಸಿ ನೋಡಿದಳು. ಗೆದ್ದೆವು ಎಂದುಕೊಂಡೆ. ಆಗ ಆಕೆ ಸೀದಾ ಹೋಗಿ ಕಿಟಕಿ ಎತ್ತಿ, ಅದರಡಿ ಕಪಾಟಿನ ಮೇಲಿದ್ದ ದಪ್ಪ ಪುಸ್ತಕವೊಂದನ್ನು ಅಡ್ಡ ಕೊಟ್ಟಳು.

ಗಾಳಿ ಒಳಗೆ ನುಗ್ಗಿತು. ನಮ್ಮ ಎರಡು ದಿನದ ಬಿಸಿ ಹೊರಗೆ ಹೊರಟಿತು.

"ಅಮ್ಮಾ, ಇದೇನು ಮಾಡ್ತೀರಿ!" ಎಂದೆ.

"ಕೂಸಿಗೆ ಹೊಸ ಗಾಳಿ ಬೇಕು. ಇಷ್ಟು ತೆರೆದಿರಬೇಕು, ಹಗಲೂ ರಾತ್ರಿ. ಇಲ್ಲಾಂದ್ರ ನಾನು ಒಪ್ಪಾಂಗಿಲ್ಲ."

ಮಿಸೆಸ್ ಹೋಲ್ಟ್ ಮುಖ ಬಿಳಿಚಿಕೊಂಡಿತು. ಪುಸ್ತಕದಷ್ಟು ತೆರೆದರೆ ಕುಲುಮೆಯೇ ಬೇಕು. ನಾನು ಜೇಬಿನಿಂದ ಬೆಂಕಿಪೆಟ್ಟಿಗೆ ತೆಗೆದು, ಪುಸ್ತಕ ಸರಿಸಿ, ಆ ಜಾಗದಲ್ಲಿ ಪೆಟ್ಟಿಗೆಯನ್ನು ಅಂಗಾತ ಮಲಗಿಸಿ ಇಟ್ಟೆ.

"ಇದು ಏನು?" ಎಂದಳು ನರ್ಸು.

"ಹೊಸ ಗಾಳಿ" ಎಂದೆ.

ಆಕೆ ಬೆಂಕಿಪೆಟ್ಟಿಗೆ ತೆಗೆದು ಪುಸ್ತಕ ಇಟ್ಟಳು. ನಾನು ಪುಸ್ತಕ ತೆಗೆದು ಬೆಂಕಿಪೆಟ್ಟಿಗೆ ಇಟ್ಟೆ. ಆಕೆ ಪುಸ್ತಕಕ್ಕಿಂತ ತೆಳ್ಳಗಿನ ಇನ್ನೊಂದು ಪುಸ್ತಕ ಹುಡುಕಿದಳು. ಆಹಾ, ನನ್ನ ಎದೆ ಅರಳಿತು! ಈ ದೇಶದಲ್ಲಿ ಮೊದಲ ಬಾರಿಗೆ ಒಬ್ಬರು ದರ ಇಳಿಸಿದ್ದರು. "ತೀರಾ ಹೆಚ್ಚಾತು ಅಮ್ಮಾ, ನಮಗೂ ಬಿಸಿ ಅಸಲು ಬಿದ್ದೈತಿ" ಎಂದು ಬೆಂಕಿಪೆಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿದೆ. ಆಕೆ ಆಗಲ್ಲ ಎಂದು ಚೀಲ ಎತ್ತಿಕೊಂಡು ಬಾಗಿಲವರೆಗೆ ಹೋದಳು. ನಾನು ಕರೆಯಲಿಲ್ಲ. ಬಾಗಿಲವರೆಗೆ ಹೋಗುವವರು ಹೋಗುವುದಿಲ್ಲ. ಡೋರಾಳಿಗೆ ಇದೆಲ್ಲ ಏನು ಗೊತ್ತು, ಉಸಿರು ಬಿಗಿಹಿಡಿದಿದ್ದಳು.

ನರ್ಸು ತಿರುಗಿದಳು. ಬಂದು, ಬೆಂಕಿಪೆಟ್ಟಿಗೆಯನ್ನು ನೆಟ್ಟಗೆ, ತುದಿಯ ಮೇಲೆ ನಿಲ್ಲಿಸಿದಳು. "ಇಷ್ಟು. ಇದಕ್ಕಿಂತ ಒಂದು ಕೂದಲೂ ಕಡಿಮಿ ಇಲ್ಲ. ಮತ್ತ ನೀವು, ಗಂಡಸರು, ಈ ಕೋಣ್ಯಾಗ ಕಾಲಿಡಬಾರದು."

"ಖಾಯಂ" ಎಂದೆ.

ಆಕೆ ಮೊದಲ ಸಲ ನಕ್ಕಳು. ಡೋರಾ ಮಂಚದ ಮೇಲೆ ಕೂತು, ಕಾಲು ಮೇಲೆಳೆದುಕೊಂಡು, "ಅವ್ವಾ, ನಾನು ಇನ್ನ ಏಳಾಂಗಿಲ್ಲ" ಎಂದಳು.

ಬೀಗಿತ್ತಿ ಬಂದದ್ದು

ಕೂಸು ಮುಂದಿನ ವಾರ ಹುಟ್ಟಿತು, ಹೆಣ್ಣು. ನಾನೂ ಖಾಸಿಂನೂ ಕೆಳಗೆ ಒಲೆಗೆ ಹೆಂಟೆ ಹಾಕುತ್ತ, ಇಟ್ಟಿಗೆ ಕಾಯಿಸಿ ಮೆಟ್ಟಿಲ ಮೇಲಿಡುತ್ತ ಕೂತಿದ್ದೆವು. ಅಳು ಕೇಳಿಸಿದಾಗ ಖಾಸಿಂ ಬಿಸಿ ಇಟ್ಟಿಗೆಯನ್ನು ಮರೆತು ಬರಿಗೈಯಲ್ಲಿ ಎತ್ತಿದ. ಕೂಸು ಮೇಲೆ ಅತ್ತಿತು, ಇವನು ಕೆಳಗೆ ಅತ್ತ. ಮಿಸೆಸ್ ಹೋಲ್ಟ್ ಇಳಿದು ಬಂದು ಇಬ್ಬರನ್ನೂ ತಬ್ಬಿಕೊಂಡುಬಿಟ್ಟಳು. ನಮಗೆ ಇದು ಅಭ್ಯಾಸವಿಲ್ಲ, ಕಂಬದಂತೆ ನಿಂತಿದ್ದೆವು.

ಮರುದಿನ ಬೀಗಿತ್ತಿ ಬಂದಳು. ಎತ್ತರದ ಹೆಂಗಸು, ದಪ್ಪ ಕೋಟು, ಟೋಪಿ, ಕುತ್ತಿಗೆಗೆ ತುಪ್ಪಳ. ಹಿಂದೆ ಗಂಡ ಎರಡು ಮೂಟೆ ಕಲ್ಲಿದ್ದಲು ಹೊತ್ತಿದ್ದ. "ಥಂಡಿ ಮನಿ ಅಂತ ತಂದೀನಿ" ಎಂದಳು. ಮಿಸೆಸ್ ಹೋಲ್ಟ್ ಹಲ್ಲು ಕಚ್ಚಿ ದಾರಿ ತೋರಿಸಿದಳು. ನಾವು ಗಂಡಸರು ಮೆಟ್ಟಿಲ ಕೆಳಗೆ ನಿಂತು ಕಿವಿ ನಿಮಿರಿಸಿದೆವು.

ಮೇಲೆ ಮೊದಲು ಕೂಸಿನ ಮೂಗು ಯಾರದ್ದು ಎಂಬ ಮಾತಾಯಿತು. ಆಮೇಲೆ ಬೀಗಿತ್ತಿಯ ದನಿ: "ಸ್ವಲ್ಪ ಈ ತುಪ್ಪಳ ಹಿಡಿ." ಕುರ್ಚಿ ಎಳೆದ ಸದ್ದು. "ಟೋಪಿ ಎಲ್ಲಿ ಇಡ್ಲಿ?" ಆ ದೇಶದಲ್ಲಿ ಚಳಿಗಾಲದಲ್ಲಿ ಯಾರೂ ಬೇರೆಯವರ ಮಲಗುವ ಕೋಣೆಯಲ್ಲಿ ಕೋಟು ಬಿಚ್ಚುವುದಿಲ್ಲ, ಬಿಚ್ಚಿದರೆ ಬೆಳಿಗ್ಗೆ ಹೆಪ್ಪುಗಟ್ಟಿ ಸಿಗುತ್ತಾರೆ. ನಾವು ಕಾದೆವು. ಖಾಸಿಂ ನನ್ನ ತೋಳು ಹಿಡಿದಿದ್ದ.

"ಡೋರಾ, ಈ ಕೋಟಿನ ಗುಂಡಿ ಬಿಚ್ಚು, ನನ್ನ ಕೈಯಾಗ ಕೂಸೈತಿ" ಎಂದಳು ಬೀಗಿತ್ತಿ.

ಮಿಸೆಸ್ ಹೋಲ್ಟ್ ಆ ಕೋಟನ್ನು ತಾನೇ ಹೊತ್ತುಕೊಂಡು, ಬೆಳ್ಳಿ ತಟ್ಟೆ ತರುವಂತೆ ಎರಡೂ ಕೈಯಲ್ಲಿ ಹಿಡಿದು ಕೆಳಗಿಳಿದಳು. ಗೂಟಕ್ಕೆ ತೂಗುಹಾಕಿ, ಒಮ್ಮೆ ತಟ್ಟಿ, ಹಾಡಿಕೊಳ್ಳುತ್ತ ಚಹಾಕ್ಕೆ ನೀರಿಟ್ಟಳು.

ಇನ್ನು ಹೋಗುವವರಿಗೆ

ಚಳಿ ದೇಶಕ್ಕೆ ಹೋಗುವವರು ನಾಲ್ಕು ಮಾತು ಕೇಳಿ. ಕೋಣೆ ಬಾಡಿಗೆಗೆ ಹಿಡಿಯುವಾಗ ಕಿಟಕಿಯಿಂದ ಏನು ಕಾಣುತ್ತದೆ ಎಂದು ನೋಡಬೇಡಿ, ಗೋಡೆ ಮುಟ್ಟಿ ನೋಡಿ. ಅಡುಗೆಮನೆಯ ಮೇಲಿನದು ಚಿಕ್ಕದಾದರೂ ಅದನ್ನೇ ಕೇಳಿ. ಮುಂದಿನ ಕೋಣೆ ಚೆಂದವೆಂದು ಅವರು ಎಷ್ಟು ಹೊಗಳಿದರೂ ಜಗ್ಗಬೇಡಿ. ಇಡೀ ಮನೆ ಕಾಯಿಸಲು ಹೋದವರು ಮುಳುಗಿದರು. ಒಂದು ಕೋಣೆ, ಒಂದು ಹಾಸಿಗೆ, ಎರಡು ಕಿವಿ, ಇಷ್ಟು ಕಾಯ್ದುಕೊಳ್ಳಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಬೇಡವೇ ಬೇಡ, ಅದರಲ್ಲಿ ನನ್ನ ಮಾತು ಕೇಳಬೇಡಿ, ಮಿಸೆಸ್ ಹೋಲ್ಟ್ ಮಾತು ಕೇಳಿ.

ಬೀಗರು ಕಲ್ಲಿದ್ದಲು ಕೊಡಲು ಬಂದರೆ ಕೋಣೆ ಬೆಚ್ಚಗಾಗುವವರೆಗೆ ತೆಗೆದುಕೊಳ್ಳಬೇಡಿ. ಮುಂಚೆ ತೆಗೆದುಕೊಂಡರೆ ಅದು ದಾನ, ಜನ್ಮವಿಡೀ ಹೇಳಿ ತೋರಿಸುತ್ತಾರೆ. ಅವರು ಕೋಟು ಬಿಚ್ಚಿದ ಮೇಲೆ ತೆಗೆದುಕೊಂಡರೆ ಉಡುಗೊರೆ. ಆಮೇಲೆ ಸಂಕೋಚ ಬೇಡ. ಎರಡು ಮೂಟೆ ತಂದಿದ್ದರೆ ಎರಡನ್ನೂ ಒಳಗೆ ಹಾಕಿಸಿ, ಖಾಲಿ ಗೋಣಿಚೀಲವನ್ನೂ ಇಟ್ಟುಕೊಳ್ಳಿ. ಫೆಬ್ರವರಿ ಇನ್ನೂ ಬಾಕಿ ಇರುತ್ತದೆ.